ಕೂಪನ್ ಅತ್ತ, ರಸೀದಿ ಇತ್ತ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡೋಕೆ ಬಂದಿರೋದು ಎರಡು ಕಾಲದಲ್ಲಿ ನಡೆಯೋ ಕಾದಂಬರಿಗಳ ಬಗ್ಗೆ. ಅಂದ್ರೆ ಒಂದು ಅಧ್ಯಾಯ ಈಗಿಂದು, ಮುಂದಿನದು ಐವತ್ತು ಅರವತ್ತು ವರ್ಷ ಹಿಂದಿಂದು, ಹಿಂಗೆ ಜಡೆ ಹೆಣೆದ ಹಾಗೆ ಹೋಗ್ತಾ ಹೋಗ್ತಾ ಮನೆಯೊಳಗೆ ಯಾರೋ ಮುಚ್ಚಿಟ್ಟಿದ್ದ ವಿಷಯ ಒಂದು ಮೇಲೆ ಬರುತ್ತಲ್ಲ, ಆ ಥರದ ಕಾದಂಬರಿ. ಅಂಥವನ್ನ ಓದೋದು ಅಂದ್ರೆ ನಂಗೆ ಮೊದಲಿಂದಲೂ ಆಸೆ. ಎರಡು ವರ್ಷದಿಂದ ನಾನೇ ಒಂದನ್ನ ಬರೀತಾ ಇದೀನಿ, ಅದಕ್ಕೆ ಕಾರಣ ನಮ್ಮನೇಲೇ ನಡೆದ ಸಂಗತಿ, ಅದನ್ನ ಹೇಳದೆ ಈ ಮಾತು ಮುಂದೆ ಹೋಗಲ್ಲ.

ನಮ್ಮದು ಮುಳುಗಡೆಯ ಮನೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯವರಿಗೆ ಮುಳುಗಡೆ ಅಂದ್ರೆ ಸಾಕು, ವಿವರಿಸೋದು ಬೇಡ. ಬೇರೆ ಕಡೆ ಕೇಳ್ತಾ ಇರೋರಿಗೆ ಹೇಳ್ತೀನಿ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಕಟ್ಟಿ 1964ರಲ್ಲಿ ನೀರು ನಿಲ್ಲಿಸಿದ್ರು, 1819 ಅಡಿ ಅದರ ಪೂರ್ಣ ಮಟ್ಟ, 151 ಟಿಎಂಸಿ ನೀರು, ಆ ನೀರಿನ ಅಡಿಗೆ ಹೊಳೆ ದಂಡೆಯ ತೋಟ ಗದ್ದೆ ದೇವಸ್ಥಾನ ಬಾವಿಕಟ್ಟೆ ಎಲ್ಲ ಹೋಯ್ತು. ಜನರನ್ನ ಲಾರಿಗೆ ಹತ್ತಿಸಿ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಶಿಕಾರಿಪುರ ಅಂತ ಕಾಡಿನ ಮಧ್ಯೆ ಇಳಿಸಿದ್ರು. ನಮ್ಮ ಮುತ್ತಜ್ಜನಿಗೆ ಹೆಂಗೋ ಪಹಣಿ ಆಯ್ತು, ಎಷ್ಟೋ ಕುಟುಂಬಕ್ಕೆ ಇವತ್ತಿಗೂ ಹಕ್ಕುಪತ್ರ ಇಲ್ಲ, ನಾಡಿಗೆಲ್ಲ ದೀಪ ಹಚ್ಚಿಸಿದವರು ಈಗಲೂ ಅರ್ಜಿ ಹಿಡ್ಕೊಂಡು ಓಡಾಡ್ತಿದಾರೆ, ಅದನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

2023ರ ಬೇಸಿಗೆ. ಜಮೀನು ಇನ್ನೂ ಮುತ್ತಜ್ಜನ ಹೆಸರಲ್ಲೇ ಇತ್ತು, ಪೌತಿ ಖಾತೆ ಮಾಡಿಸ್ಬೇಕು, ಅಂದ್ರೆ ತೀರಿಹೋದವರ ಜಮೀನನ್ನ ವಾರಸುದಾರರ ಹೆಸರಿಗೆ ಮಾಡಿಸ್ಕೋಬೇಕು ಅಂತ ದೊಡ್ಡಪ್ಪ, ನಾನು, ಅಮ್ಮ ಕಚೇರಿಗೆ ಹೋಗಿದ್ವಿ. ಪೌತಿ ಖಾತೆಗೆ ವಂಶವೃಕ್ಷ ಬೇಕಲ್ಲ. ವಂಶವೃಕ್ಷ ಅಂದ ಕೂಡ್ಲೇ ನಮ್ಮ ಓದುಗರಿಗೆ ನೆನಪಾಗೋದು ಭೈರಪ್ಪನವರ ಕಾದಂಬರಿ, ಅದು ಬಂದಿದ್ದು 1965ರಲ್ಲಿ, ಆಚೆ ನೀರು ನಿಂತ ಮಾರನೇ ವರ್ಷ. ಅದರಲ್ಲಿ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ನಿಜ ತಿಳಿಯೋದು ಬಾಳೆಲ್ಲ ಕಳೆದ ಮೇಲೆ. ನಮ್ಮ ಕೈಲಿದ್ದಿದ್ದು ಬರೀ ರೆವಿನ್ಯೂ ಕಾಗದ. ಬರ್ಕೊಳ್ತಾ ಇದ್ದವರು ತಲೆ ಎತ್ತದೆ ಕೇಳಿದ್ರು, "ಹೆಣ್ಮಕ್ಕಳು ಇದ್ರಾ ಅವರಿಗೆ?" ಅಂತ.

ದೊಡ್ಡಪ್ಪ "ಇಲ್ಲ" ಅಂದ್ರು.

ಒಂದೇ ಮಾತು, ಗಂಟಲು ಕೂಡ ಸರಿಮಾಡ್ಕೊಳ್ಲಿಲ್ಲ. ನಾನು ಅವರ ಮುಖ ನೋಡಿದೆ, ಅಮ್ಮನ ಮುಖ ನೋಡಿದೆ, ಅಮ್ಮ ಕೈಲಿದ್ದ ಚೀಲದ ದಾರ ಬಿಚ್ಚಿ ಮತ್ತೆ ಕಟ್ತಾ ಇದ್ರು. ಯಾಕಂದ್ರೆ ಅಜ್ಜನಿಗೆ ಒಬ್ಬಳು ತಂಗಿ ಇದ್ದಳು, ಮಕ್ಕಳಾದ ನಮಗೂ ಅಷ್ಟು ಗೊತ್ತಿತ್ತು. ಹದಿನಾಲ್ಕಕ್ಕೆ ಮದುವೆ, ಹದಿನಾರಕ್ಕೆ ಗಂಡ ಹೋದ, ತವರಿಗೆ ಬಂದಳು, ಮುಳುಗಡೆ ಟೈಮಲ್ಲಿ ಕಾಶಿಗೆ ಹೋದಳು. ಕಾಶಿಗೆ ಹೋದೋರು ಬರಲಿಲ್ಲ. ಇಷ್ಟೇ ನಮಗೆ ಹೇಳಿದ ಕಥೆ, ಅದಕ್ಕಿಂತ ಮುಂದೆ ಕೇಳಿದ್ರೆ "ಅದೆಲ್ಲ ಈಗ್ಯಾಕೆ, ಊಟಕ್ಕೆ ಏಳಿ" ಅಂತಿದ್ರು.

ಆ ವರ್ಷ ಜೂನ್ ಬಂದ್ರೂ ಮಳೆ ಬರಲಿಲ್ಲ, ಹಿನ್ನೀರು ಪಾತಾಳಕ್ಕೆ ಇಳಿದಿತ್ತು, ಮಡೆನೂರಿನ ಹತ್ತಿರ ಹಳೇ ಹಿರೇಭಾಸ್ಕರ ಅಣೆಕಟ್ಟೆ ಮೇಲೆದ್ದಿದೆ ಅಂತ ಜನ ಗುಂಪು ಗುಂಪಾಗಿ ನೋಡೋಕೆ ಹೋಗ್ತಿದ್ರು. ನಾನೂ ಹೋದೆ. ಲಿಂಗನಮಕ್ಕಿಗಿಂತ ಮೊದಲು ಇದೇ ಹೊಳೆಗೆ ಕಟ್ಟಿದ್ದ ಅಣೆಕಟ್ಟು ಅದು, ದೊಡ್ಡದು ಬಂದ ಮೇಲೆ ಚಿಕ್ಕದೂ ಮುಳುಗಿಹೋಯ್ತು. ಅದರ ಸೈಫನ್‌ಗಳ ದೊಡ್ಡ ದೊಡ್ಡ ಬಾಯಿ ಹಂಗೇ ಇದಾವೆ, ಇಷ್ಟು ವರ್ಷ ನೀರಲ್ಲಿದ್ರೂ ಕಲ್ಲು ಅಲುಗಿಲ್ಲ. ಬಿರುಕು ಬಿಟ್ಟ ಕೆಸರಿನ ಬಯಲಲ್ಲಿ ಮರದ ಬೊಡ್ಡೆಗಳು ಕಪ್ಪಗೆ ನಿಂತಿದ್ವು, ಕಡಿದು ಅರವತ್ತು ವರ್ಷ ಆದ್ರೂ ಗಟ್ಟಿ. ಅಲ್ಲಿ ನಿಂತಾಗ ನಂಗೆ ಅನ್ನಿಸಿದ್ದು ಹೇಳ್ತೀನಿ. ಗಾಳಿ ಬೆಳಕಿಗೆ ಬಿಟ್ಟಿದ್ರೆ ಆ ಬೊಡ್ಡೆಗಳು ನಾಲ್ಕು ಮಳೆಗಾಲಕ್ಕೆ ಲಡ್ಡಾಗಿ ಮಣ್ಣಾಗ್ತಿದ್ವು, ಮುಳುಗಿಸಿಟ್ಟಿದ್ದಕ್ಕೇ ಉಳಿದಿದಾವೆ. ಕಾದಂಬರಿ ಶುರುವಾಗಿದ್ದು ಆ ಹೊತ್ತಲ್ಲಿ.

ಮನೆಗೆ ಬಂದು ಅಟ್ಟ ಹತ್ತಿ ಅಜ್ಜಿಯ ಟ್ರಂಕು ಇಳಿಸಿದೆ. ಇಲ್ಲೊಂದು ಮಾತು. ಹೊರಗಿನ ದೇಶದ ಇಂಥ ಕಾದಂಬರಿಗಳಲ್ಲಿ ಟ್ರಂಕು ತೆಗೆದ್ರೆ ಡೈರಿ ಸಿಗುತ್ತೆ, ಎಲ್ಲಾನೂ ಚೆಂದ ಅಕ್ಷರದಲ್ಲಿ ಬರೆದಿಟ್ಟಿರ್ತಾರೆ. ನಮ್ಮಲ್ಲಿ ಯಾವ ಅಜ್ಜಿ ಡೈರಿ ಬರೆದಿದಾಳೆ ಹೇಳಿ? ನಮ್ಮ ಮನೆಗಳ ಗುಟ್ಟು ಇರೋದು ಪಂಚಾಂಗದ ಅಂಚಲ್ಲಿ ಗೀಚಿದ ಲೆಕ್ಕದಲ್ಲಿ, ಮಂಡಿಯ ಪಟ್ಟಿ ಹಿಂದೆ, ಯಾರ ಜಾತಕ ಕಟ್ಟಿನಲ್ಲಿ ಇಲ್ಲ ಅನ್ನೋದರಲ್ಲಿ. ಕನ್ನಡದಲ್ಲಿ ಈ ಥರ ಬರೆಯೋರು ಡೈರಿ ಆಸೆ ಬಿಟ್ಟು ಇಂಥದ್ದನ್ನ ಹುಡುಕಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ನಂಗೆ ಸಿಕ್ಕಿದ್ದು ಬೋರ್ನ್‌ವಿಟಾ ಡಬ್ಬಿ. ಒಳಗೆ ಸೀರೆ ಅಂಚಿನ ದಾರದಲ್ಲಿ ಕಟ್ಟಿದ ಹದಿನೇಳು ಮನಿಯಾರ್ಡರ್ ರಸೀದಿ. ಮೊದಲನೇದು 1966, ಕೊನೇದು 1984. ಎಲ್ಲವೂ ದೀಪಾವಳಿ ಆಸುಪಾಸಿಂದು. ಕಳಿಸಿದ್ದು ಅಜ್ಜಿ. ಹೋಗಿದ್ದು ಹೊನ್ನಾವರಕ್ಕೆ.

ಚಿಕ್ಕೋರಿಗೆ ಮನಿಯಾರ್ಡರ್ ಅಂದ್ರೆ ಗೊತ್ತಿರಲಿಕ್ಕಿಲ್ಲ, ಆ ಹಳೇ ಪದ್ಧತಿ 2015ರಲ್ಲಿ ನಿಂತೇಹೋಯ್ತು. ಒಂದು ಫಾರಂ ತುಂಬಿಸಿ ದುಡ್ಡು ಕಟ್ಟಿದ್ರೆ ಆ ಊರಿನ ಪೋಸ್ಟ್‌ಮ್ಯಾನ್ ಮನೆಗೆ ಹೋಗಿ ದುಡ್ಡು ಕೊಡ್ತಿದ್ದ. ಫಾರಂ ಕೆಳಗೆ ಕೂಪನ್ ಅಂತ ಸಣ್ಣ ಜಾಗ, ಅದರಲ್ಲಿ ಎರಡು ಸಾಲು ಬರೀಬಹುದು, ಅದನ್ನ ಹರಿದು ದುಡ್ಡು ತಗೊಂಡೋರಿಗೆ ಕೊಡ್ತಿದ್ರು. ದುಡ್ಡು ಮುಟ್ಟಿತು ಅಂತ ಅವರು ಸಹಿ ಹಾಕಿದ ರಸೀದಿ ಕಳಿಸಿದೋರಿಗೆ ವಾಪಸ್ ಬರ್ತಿತ್ತು. ಅಂದ್ರೆ ಅಜ್ಜಿ ಹೇಳಿದ ಮಾತೆಲ್ಲ ಹೊನ್ನಾವರಕ್ಕೆ ಹೋಗಿದೆ, ನಮ್ಮಟ್ಟದಲ್ಲಿ ಉಳಿದಿದ್ದು ಅಜ್ಜನ ಆ ತಂಗಿಯ ಸಹಿ ಮಾತ್ರ.

ಆ ಸಹಿಗಳನ್ನ ನಾನು ಅಡಿಗೆಮನೆ ನೆಲದ ಮೇಲೆ ವರ್ಷದ ಪ್ರಕಾರ ಜೋಡಿಸಿದೆ. ಮೊದಲ ನಾಲ್ಕರಲ್ಲಿ ಹೆಬ್ಬೆಟ್ಟಿನ ಗುರುತು, ನೇರಳೆ ಮಸಿ ಹರಡಿ ಗೆರೆ ಕೂಡ ಕಾಣಲ್ಲ. ಐದನೇದರಲ್ಲಿ ಅಕ್ಷರ. ಮೂರೇ ಅಕ್ಷರದ ಹೆಸರು, ಒಂದೊಂದೂ ಒಂದೊಂದು ಸೈಜು, ಕೊನೇ ಅಕ್ಷರಕ್ಕೆ ಜಾಗ ಸಾಲದೆ ಗೆರೆ ದಾಟಿ ಕೆಳಗಿಳಿದಿದೆ, ಒತ್ತಿ ಬರೆದಿದ್ದಕ್ಕೆ ಕಾಗದದ ಹಿಂದೆ ಬೆರಳಾಡಿಸಿದ್ರೆ ಉಬ್ಬು ಸಿಗುತ್ತೆ. ಹತ್ತನೇದರ ಹೊತ್ತಿಗೆ ಸಲೀಸು. ಅಂದ್ರೆ 1969ಕ್ಕೂ 1970ಕ್ಕೂ ನಡುವೆ, ಮೂವತ್ತು ದಾಟಿದ ಮೇಲೆ, ಯಾರೋ ಆಕೆಗೆ ಬರೆಯೋದು ಕಲಿಸಿದಾರೆ. ನಾನು ಅಲ್ಲೇ ಕೂತು ಅತ್ತುಬಿಟ್ಟೆ.

ಆಮೇಲೆ ಗೊತ್ತಾಗಿದ್ದು ಸ್ವಲ್ಪ ಸ್ವಲ್ಪ. ಕಾಶಿ ಅಲ್ಲ, ಘಟ್ಟದ ಕೆಳಗೆ. ಅಣೆಕಟ್ಟಿನ ಕೆಲಸಕ್ಕೆ ಸಾವಿರಾರು ಜನ ಬಂದಿದ್ರಲ್ಲ, ಅವರಲ್ಲಿ ಒಬ್ಬರ ಜತೆ ಹೊರಟುಹೋದಳು, ಲಾರಿ ಬರೋಕೆ ಎರಡು ತಿಂಗಳು ಮೊದಲು. ವಿಧವೆಯರ ಮರುಮದುವೆಗೆ ಕಾನೂನು ಬಂದಿದ್ದು 1856ರಲ್ಲಿ. ಅದೇ ವಿಷಯ ಇಟ್ಕೊಂಡು ಗುಲ್ವಾಡಿ ವೆಂಕಟರಾಯರು ಕನ್ನಡದಲ್ಲಿ 'ಇಂದಿರಾಬಾಯಿ' ಬರೆದಿದ್ದು 1899ರಲ್ಲಿ. ಇಷ್ಟೆಲ್ಲ ಆಗಿ 1964 ಬಂದ್ರೂ ನಮ್ಮ ಕಣಿವೆಯಲ್ಲಿ ಮದುವೆ ಆಗ್ತೀನಿ ಅನ್ನೋ ಮಾತನ್ನ ಬಾಯಿಬಿಟ್ಟು ಹೇಳೋ ಹಾಗಿರಲಿಲ್ಲ, ರಾತ್ರೋರಾತ್ರಿ ಹೋಗಬೇಕಿತ್ತು.

ಇನ್ನು ಕಾದಂಬರಿ. ಮೊದಲ ಸಲ ಬರೆದಾಗ ದೊಡ್ಡ ತಪ್ಪು ಮಾಡಿದೆ. 1964ರ ಅಧ್ಯಾಯಗಳೆಲ್ಲ ಜೀವ ತುಂಬ್ಕೊಂಡು ಬಂದ್ವು, ಹೊಳೆ, ತೋಟ, ಮಡಿಸೀರೆ, ರಾತ್ರಿಯ ದಾರಿ. 2023ರ ಅಧ್ಯಾಯಗಳಲ್ಲಿ ಮಾತ್ರ ಹುಡುಗಿ ಒಬ್ಬಳು ಟ್ರಂಕು ತೆಗೀತಾಳೆ, ಕಾಗದ ಓದ್ತಾಳೆ, ಬಸ್ಸು ಹತ್ತುತಾಳೆ, ಅಷ್ಟೇ. ಅವಳಿಗೆ ಸ್ವಂತ ಕಷ್ಟಾನೇ ಇಲ್ಲ, ಟಾರ್ಚ್ ಹಿಡಿಯೋದೊಂದೇ ಕೆಲಸ. ಈ ಥರದ ಎಷ್ಟೋ ಕಾದಂಬರಿ ಸಪ್ಪೆ ಆಗೋದು ಇದರಿಂದಾನೇ, ಓದೋರು ಈಗಿನ ಅಧ್ಯಾಯ ಬಂದ ಕೂಡ್ಲೇ ಪುಟ ಹಾರಿಸ್ತಾರೆ. ಹಳೇದು ಈಗಿನೋರ ಕೊರಳು ಹಿಡ್ಕೊಂಡಿದೆ ಅಂತ ಕಾಣಬೇಕಾದ್ರೆ ಈಗಿನೋರಿಗೆ ಕೊರಳು ಇರಬೇಕಲ್ಲ.

ನನ್ನ ನಿಜವಾದ ಕಷ್ಟ ಇದ್ದಿದ್ದು ದೊಡ್ಡಪ್ಪನ ಹತ್ತಿರ. ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಜಾತ್ರೆ ಸುತ್ತಿಸಿದ ಮನುಷ್ಯ, ಅಪ್ಪ ಹೋದ ಮೇಲೆ ನನ್ನ ಕಾಲೇಜು ಫೀಸು ಕಟ್ಟಿದೋರು. ಅವರು ನನ್ನೆದುರೇ, ಕಾಗದದ ಮೇಲೆ, ಒಬ್ಬ ಮನುಷ್ಯಳನ್ನ ಇಲ್ಲ ಅಂದ್ರು. ಪಾಲಿನ ಆಸೆಗೆ ಹೇಳಿದ್ರಾ? ಆಕೆಗೂ ಕಾನೂನು ಪ್ರಕಾರ ಪಾಲು ಇತ್ತು, ಆ ಅನುಮಾನ ಬರದೆ ಇರುತ್ತಾ. ಒಂದು ವಾರ ಅವರ ಪಕ್ಕ ಕೂತು ಊಟ ಮಾಡೋಕಾಗ್ಲಿಲ್ಲ ನಂಗೆ, ಎಲೆ ತಗೊಂಡು ಹಿತ್ತಲ ಕಡೆ ಹೋಗ್ತಿದ್ದೆ. ಕೊನೆಗೆ ಅವರೇ ಕೇಳಿದ್ರು, ಏನಾಯ್ತೇ ಮಗಾ ಅಂತ. ರಸೀದಿ ಕಟ್ಟು ತಂದು ಮುಂದಿಟ್ಟೆ. ತುಂಬ ಹೊತ್ತು ನೋಡಿದ್ರು. ಆಮೇಲೆ ಹೇಳಿದ್ರು, "ಪರಿಹಾರದ ಲೆಕ್ಕ ಬರ್ಕೊಳ್ಳೋಕೆ ಅಮಲ್ದಾರ್ ಕಚೇರಿಯೋರು ಬಂದಿದ್ರು. ಮನೇಲಿ ಎಷ್ಟು ಜನ, ಅತ್ತೆ ಎಲ್ಲಿ ಅಂತ ಯಾರೋ ಕೇಳಿದ್ರು. ನಂಗೆ ಹನ್ನೆರಡು ವರ್ಷ. ಯಾರು ಕೇಳಿದ್ರೂ ಇಲ್ಲ ಅನ್ನು ಅಂತ ಅಪ್ಪಯ್ಯ ಹೇಳಿಕೊಟ್ಟಿದ್ರು. ಮೊನ್ನೆನೂ ಹಂಗೇ ಬಂತು ಬಾಯಿಗೆ." ಹೇಳ್ತಾ ಅವರ ಕೈ ನಡುಗ್ತಿತ್ತು. ಆಕೆ ಹೋದ ದಿನ ಬೆಳಿಗ್ಗೆ ಇವರಿಗೆ ತಲೆಗೆ ಎಣ್ಣೆ ಹಚ್ಚಿದ್ಲಂತೆ, ಯಾವತ್ತಿಗಿಂತ ಜಾಸ್ತಿ ಹೊತ್ತು.

ಆಗ ನನ್ನ ಕಾದಂಬರಿಗೆ ಕಟ್ಟು ಬಿತ್ತು. 1964ರಲ್ಲೂ ಒಂದು ಇಲ್ಲ, 2023ರಲ್ಲೂ ಅದೇ ಇಲ್ಲ, ಹೇಳಿದ ಬಾಯಿ ಕೂಡ ಒಂದೇ. ಈಗ ನನ್ನ ಪುಸ್ತಕದಲ್ಲಿ ಓದುಗರಿಗೆ ಅವಳು ಎಲ್ಲಿ ಹೋದಳು ಅನ್ನೋದು ಮೂರನೇ ಅಧ್ಯಾಯಕ್ಕೇ ಗೊತ್ತಾಗುತ್ತೆ, ಮುಚ್ಚಿಡೋಕೆ ಹೋಗಿಲ್ಲ. ಹನ್ನೆರಡರ ಹುಡುಗ ಎಪ್ಪತ್ತೊಂದರ ಮುದುಕ ಆದ್ರೂ ಆ ಮಾತಿಂದ ಬಿಡಿಸ್ಕೊಳ್ಳೋಕೆ ಆಗ್ತಿಲ್ಲವಲ್ಲ, ನಾನು ಬರೀಬೇಕು ಅಂತಿರೋದು ಅದನ್ನ.

ಒಂದು ವಿಷಯ ಮಾತ್ರ ಕಗ್ಗಂಟಾಗೇ ಇತ್ತು. ನಮ್ಮನೇಲಿ ಪಕ್ಷದ ದಿನ ಪಿತೃಗಳ ಹೆಸರೆಲ್ಲ ಹೇಳಿ ಎಳ್ಳುನೀರು ಬಿಡ್ತಾರೆ, ಅತ್ತೆ ಸೋದರತ್ತೆ ಎಲ್ಲರದ್ದೂ. ಕಾಶಿಗೆ ಹೋದೋಳು ಬರಲಿಲ್ಲ, ಸತ್ತಳು ಅಂತ ಊರಿಗೆಲ್ಲ ಹೇಳಿದ ಮೇಲೆ ಅವಳ ಹೆಸರೂ ಹೇಳಬೇಕಿತ್ತಲ್ಲ. ಅಜ್ಜ ಒಂದು ವರ್ಷ ಹೇಳೋಕೆ ಹೊರಟಿದ್ರಂತೆ, ಅಜ್ಜಿ ಒಳಗಿಂದ ಬಂದು ಬಾಗಿಲಲ್ಲಿ ನಿಂತು "ಅದು ಬೇಡ" ಅಂದ್ಲಂತೆ, ಎದುರು ಮಾತಾಡಿದೋಳೇ ಅಲ್ಲ ಅಜ್ಜಿ. ಅವಮಾನಕ್ಕೆ ಬೇಡ ಅಂದಳು ಅಂತ ಎಲ್ಲರೂ ತಿಳ್ಕೊಂಡ್ರು.

ಮನಿಯಾರ್ಡರ್ ದುಡ್ಡು ಅಜ್ಜಿಗೆ ಎಲ್ಲಿಂದ ಬರ್ತಿತ್ತು ಅಂತ ಹೋದ ತಿಂಗಳು ಅಮ್ಮನ್ನ ಕೇಳಿದೆ, ಅಧ್ಯಾಯಕ್ಕೆ ಬೇಕಿತ್ತು. ಅಮ್ಮ ಅಡಿಕೆ ಸುಲೀತಾ ಮೆಟ್ಟುಗತ್ತಿ ಮೇಲೆ ಕೂತಿದ್ರು. "ಉದುರಿದ ಗೋಟಡಿಕೆ ಹೆಕ್ಕಿ ಇಡ್ತಿದ್ರು, ಮಿಡಿ ಉಪ್ಪಿನಕಾಯಿ ಮಾರ್ತಿದ್ರು" ಅಂದ್ರು. ಆಮೇಲೆ ಸುಲಿಯೋದು ನಿಲ್ಲಿಸದೇನೇ, "ಕಣ್ಣು ಮಂಜಾದ ಮೇಲೆ ಪೋಸ್ಟಾಫೀಸಿಗೆ ಹೋಗ್ತಿದ್ದಿದ್ದು ನಾನೇ. ಕೊನೇ ಐದು ವರ್ಷದ್ದು ನನ್ನ ಕೈಬರಹ" ಅಂದ್ರು.

ಎರಡು ವರ್ಷದಿಂದ ನಾನು ಅದೇ ಮನೇಲಿ ಕೂತು ಬರೀತಿದೀನಿ, ಅಧ್ಯಾಯ ಅಧ್ಯಾಯ ಓದಿ ಹೇಳಿದೀನಿ, ಅಮ್ಮ ಒಂದು ಮಾತು ಆಡಿರಲಿಲ್ಲ. ಅಜ್ಜಿ ಯಾರಿಗೂ ಹೇಳ್ಬೇಡ ಅಂದಿದ್ರಂತೆ.

ಕೂಪನ್‌ನಲ್ಲಿ ಏನು ಬರೆಸ್ತಿದ್ರು ಅಂತ ಕೇಳಿದೆ. ನಾನು ಕಾದಂಬರಿಯಲ್ಲಿ ಆ ಎರಡು ಸಾಲನ್ನ ಹತ್ತಾರು ಥರ ಊಹಿಸಿ ಬರೆದು ಹರಿದಿದ್ದೆ.

"ಅದೇನು, ಎಲ್ಲ ಮಾಮೂಲಿ. ಕೊಯ್ಲು ಶುರುವಾಯ್ತು, ಕೆಂಪಿ ಕರು ಹಾಕ್ತು, ಈ ಸಲ ಕೊಳೆರೋಗ ಜಾಸ್ತಿ, ಹಿಂಗೇ" ಅಂದ್ರು ಅಮ್ಮ. ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿದ್ರು. "ಕೊನೇಲಿ ಒಂದು ಸಾಲು ಮಾತ್ರ ಪ್ರತಿ ವರ್ಷನೂ ಬರೆಸೋರು. ಈ ಸಲದ ಪಕ್ಷದಲ್ಲೂ ನಿನ್ನ ಹೆಸರು ಹೇಳಿಲ್ಲ, ಅಂತ."