ಪನಿಗಾಲೆಯ ಹಿಂದಿನ ಚಕ್ರ ಮತ್ತು ಮಲೆನಾಡಿನ ಸವಾರರ ಜಗಳ

ಎಲ್ಲರಿಗೂ ನಮಸ್ಕಾರ. ತೆರೆಯ ಮೇಲೆ ನೀವೀಗ ನೋಡುತ್ತಿರುವುದು ಡುಕಾಟಿ ಪನಿಗಾಲೆ ವಿ4 ಬೈಕಿನ 2025ರ ಮಾದರಿ. ಬೆಂಗಳೂರಿನಲ್ಲಿ ನೌಕರಿ ಮಾಡುವ, ತೀರ್ಥಹಳ್ಳಿ ಕಡೆಯ ಗೆಳೆಯರೊಬ್ಬರು ಇದನ್ನು ಊರಿಗೆ ತಂದಿದ್ದರು. ಶಿವಮೊಗ್ಗದಿಂದ ಹೊರಟು ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಯಲ್ಲಿ ಚಹಾಕ್ಕೆ ನಿಲ್ಲುವುದು ನಮ್ಮ ಗುಂಪಿನ ವಾಡಿಕೆ. ಅಲ್ಲಿ ಈ ಬೈಕು ಬಂದು ನಿಂತದ್ದೇ ತಡ, ಎಲ್ಲರೂ ಎದ್ದು ಹೋದದ್ದು ಅದರ ಮುಖದ ಎದುರಿಗಲ್ಲ, ಹಿಂದಿನ ಚಕ್ರದ ಬಲಗಡೆಗೆ. ಅಲ್ಲಿ ಶುರುವಾದ ವಾದವೇ ಈ ವಿಡಿಯೊದ ವಿಷಯ.

ವಾದಕ್ಕೆ ಕಾರಣವಾದದ್ದು ಒಂದು ಲೋಹದ ತೋಳು. 1994ರಲ್ಲಿ ಬಂದ 916 ಎಂಬ ಮಾದರಿಯಿಂದ ಮೊದಲುಗೊಂಡು, ನಡುವೆ ಒಂದು ಮಾದರಿಯನ್ನು ಬಿಟ್ಟರೆ, ಡುಕಾಟಿಯ ಅಗ್ರಶ್ರೇಣಿಯ ಸ್ಪೋರ್ಟ್ ಬೈಕುಗಳ ಹಿಂದಿನ ಚಕ್ರವನ್ನು ಎಡಗಡೆಯ ಒಂದೇ ಸ್ವಿಂಗ್‌ಆರ್ಮ್ ಹಿಡಿದುಕೊಂಡಿರುತ್ತಿತ್ತು. ಬಲಗಡೆಯಿಂದ ನೋಡಿದವರಿಗೆ ಚಕ್ರದ ಕಡ್ಡಿಗಳೆಲ್ಲ ಪೂರ್ತಿಯಾಗಿ ಕಾಣುತ್ತಿದ್ದವು. ನಡುವೆ ಒಂದು ದೊಡ್ಡ ನಟ್ಟು, ಅದರ ಹೊರತು ಬೇರಾವ ಅಡ್ಡಿಯೂ ಇಲ್ಲ. 2024ರ ಜುಲೈ ತಿಂಗಳಲ್ಲಿ ಇಟಲಿಯ ಮಿಸಾನೊದಲ್ಲಿ ಅನಾವರಣಗೊಂಡ ಹೊಸ ವಿ4ರಲ್ಲಿ ಆ ನೋಟ ಇಲ್ಲ. ಚಕ್ರವನ್ನು ಎರಡೂ ಬದಿಯಿಂದ ಹಿಡಿಯುವ, ನಡುವೆ ದೊಡ್ಡ ಕಿಂಡಿಯಿರುವ ಜೋಡಿ ತೋಳು ಅದರ ಜಾಗಕ್ಕೆ ಬಂದಿದೆ.

"ಎಲ್ಲಾ ಸರಿ ಮಾರಾಯ, ಆದರೆ ಈ ಕಡೆಯಿಂದ ನೋಡಿದರೆ ಇದು ಯಾವ ಕಂಪನಿಯ ಬೈಕು ಬೇಕಾದರೂ ಆಗಬಹುದಲ್ಲ" ಎಂದು ಗುಂಪಿನ ಹಿರಿಯರೊಬ್ಬರು ಹೇಳಿದಾಗ ಅವರ ದನಿಯಲ್ಲಿ ನಿಜವಾದ ಬೇಸರವಿತ್ತು. ಕಾಲೇಜು ಓದುತ್ತಿರುವ ಹುಡುಗನೊಬ್ಬ ಕೂಡಲೇ ಅವರ ಮಾತನ್ನು ಹಿಡಿದು, ಮೋಟೊಜಿಪಿ ಎಂಬ ವಿಶ್ವಮಟ್ಟದ ಬೈಕ್ ಓಟದಲ್ಲಿ ಗೆಲ್ಲುತ್ತಿರುವ ಡುಕಾಟಿಗಳಿಗೆಲ್ಲ ಎರಡು ಬದಿಯ ತೋಳೇ ಇರುವಾಗ ರಸ್ತೆಯ ಬೈಕಿಗೆ ಅದು ಬಂದರೆ ತಪ್ಪೇನು ಎಂದು ಕೇಳಿದ. ಶಿವಮೊಗ್ಗದಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಇನ್ನೊಬ್ಬರು ಎತ್ತಿದ ಮಾತು ಅಂದಕ್ಕೂ ಸೇರಿದ್ದಲ್ಲ, ಓಟಕ್ಕೂ ಸೇರಿದ್ದಲ್ಲ. "ಕೆಲಸ ಮಾಡುವವನಿಗೆ ಹಳೆಯದೇ ಸುಖ, ತಮ್ಮಾ. ಒಂದು ನಟ್ಟು ಬಿಚ್ಚಿದರೆ ಚಕ್ರ ಕೈಗೆ ಬರ್ತಿತ್ತು, ಚೈನು ಹಾಗೇ ಇರ್ತಿತ್ತು" ಎಂದರು. ಅವರ ಮಾತು ಅಕ್ಷರಶಃ ನಿಜ. ಒಂಟಿ ತೋಳಿನ ಬೈಕಿನಲ್ಲಿ ಚೈನನ್ನು ಬಿಗಿ ಮಾಡುವುದೂ ಸುಲಭ. ತೋಳಿನ ತುದಿಯ ಗುಂಡನೆಯ ಹಬ್ ಅನ್ನು ತಿರುಗಿಸಿದರೆ ಆಯಿತು, ಎಡಬಲಗಳ ಅಳತೆ ಸಮನಾಗಿದೆಯೇ ಎಂದು ಪದೇ ಪದೇ ನೋಡುವ ಕೆಲಸವಿಲ್ಲ.

ಈ ತೋಳು ಬಂದದ್ದೇ ಆ ಅನುಕೂಲಕ್ಕಾಗಿ. 1987ರ ಹೋಂಡಾ ಆರ್‌ಸಿ30 ಬೈಕಿನಲ್ಲಿ ಒಂಟಿ ತೋಳನ್ನು ಬಳಸಿದ್ದು, ಗಂಟೆಗಟ್ಟಲೆ ನಡೆಯುವ ದೀರ್ಘ ಓಟದ ಸ್ಪರ್ಧೆಗಳಲ್ಲಿ ಚಕ್ರವನ್ನು ಬೇಗ ಬದಲಾಯಿಸಬೇಕು ಎಂಬ ಕಾರಣಕ್ಕೆ. ಆದರೆ ಮಾಸಿಮೊ ತಂಬುರಿನಿ 916ನ್ನು ರೂಪಿಸಿದಾಗ ಅದೇ ತೋಳು ಸೌಂದರ್ಯದ ಭಾಗವಾಯಿತು. ಸೀಟಿನ ಕೆಳಗಿನಿಂದ ಹೊರಬರುವ ಎರಡು ಸೈಲೆನ್ಸರುಗಳು, ಪಕ್ಕಪಕ್ಕದ ಎರಡು ಕಿರಿದಾದ ಹೆಡ್‌ಲೈಟುಗಳು, ಬರಿದಾಗಿ ಕಾಣುವ ಹಿಂದಿನ ಚಕ್ರ ಇವೆಲ್ಲ ಸೇರಿ ಸ್ಪೋರ್ಟ್ ಬೈಕು ಎಂದರೆ ಹೀಗಿರಬೇಕು ಎಂಬ ಚಿತ್ರವನ್ನು ಒಂದು ತಲೆಮಾರಿನ ಮನಸ್ಸಿನಲ್ಲಿ ಅಚ್ಚೊತ್ತಿದವು. ಯೆಜ್ಡಿ ಮತ್ತು ಆರ್‌ಎಕ್ಸ್ 100 ಓಡಿಸಿಕೊಂಡು ಬೆಳೆದ ಮಲೆನಾಡಿನ ಹುಡುಗರ ಕೋಣೆಗಳ ಗೋಡೆಯ ಮೇಲೂ 916ರ ಚಿತ್ರ ಇರುತ್ತಿತ್ತು. ಅದನ್ನು ನೋಡುತ್ತ ಬೆಳೆದವರು ಇಂದು ಬಲಗಡೆ ನಿಂತು ಬೇಸರಪಟ್ಟುಕೊಂಡರೆ, ಅವರಿಗೆ ತಂತ್ರಜ್ಞಾನ ತಿಳಿಯದು ಎಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಈ ಬೆಲೆಯ ಬೈಕನ್ನು ಯಾರೂ ಅನುಕೂಲಕ್ಕೆಂದು ಕೊಳ್ಳುವುದಿಲ್ಲ. ನಿಲ್ಲಿಸಿ, ಹತ್ತು ಹೆಜ್ಜೆ ಹೋಗಿ, ತಿರುಗಿ ನೋಡುವ ಸುಖವೂ ಆ ಬೆಲೆಯಲ್ಲಿ ಸೇರಿರುತ್ತದೆ.

ನಡುವೆ ಒಂದು ಮಾದರಿಯನ್ನು ಬಿಟ್ಟರೆ ಎಂದೆನಲ್ಲ, ಅದು 999. ಪಿಯೆರ್ ಟೆರ್‌ಬ್ಲಾಂಚ್ ವಿನ್ಯಾಸ ಮಾಡಿದ ಆ ಬೈಕಿನಲ್ಲಿ ಹೆಡ್‌ಲೈಟುಗಳು ಒಂದರ ಮೇಲೊಂದು ಕೂತಿದ್ದವು, ಸ್ವಿಂಗ್‌ಆರ್ಮ್ ಎರಡು ಬದಿಯದಾಗಿತ್ತು. ಅಭಿಮಾನಿಗಳು ಅದನ್ನು ಒಪ್ಪಲಿಲ್ಲ. ಆದರೆ ಅದೇ ಬೈಕು ವಿಶ್ವ ಸೂಪರ್‌ಬೈಕ್ ಸ್ಪರ್ಧೆಯಲ್ಲಿ 2003ರಲ್ಲಿ ನೀಲ್ ಹಾಡ್ಜ್‌ಸನ್ ಅವರಿಗೆ, 2004ರಲ್ಲಿ ಜೇಮ್ಸ್ ಟೋಸ್‌ಲ್ಯಾಂಡ್ ಅವರಿಗೆ, 2006ರಲ್ಲಿ ಟ್ರಾಯ್ ಬೇಲಿಸ್ ಅವರಿಗೆ ಪ್ರಶಸ್ತಿ ತಂದುಕೊಟ್ಟಿತು. ಇಷ್ಟು ಗೆದ್ದರೂ 2007ರಲ್ಲಿ 1098 ಬಂದಾಗ ಡುಕಾಟಿ ಮರಳಿ ಒಂಟಿ ತೋಳಿಗೂ ಪಕ್ಕಪಕ್ಕದ ಹೆಡ್‌ಲೈಟುಗಳಿಗೂ ಹೋಯಿತು. ಕಂಪನಿ ಅಂದು ಅಭಿಮಾನಿಗಳ ಮಾತಿಗೆ ತಲೆಬಾಗಿತ್ತು. ಇಂದು ಅದೇ ಅಭಿಮಾನಿಗಳ ಇಚ್ಛೆಯನ್ನು ತಿಳಿದೂ ತಿಳಿದೂ ಮೀರಿದೆ ಎಂದರೆ, ಅದಕ್ಕೆ ಗಟ್ಟಿ ಕಾರಣವೇ ಇರಬೇಕು.

ಆ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಲು ಬಯಸುತ್ತೇನೆ, ಏಕೆಂದರೆ ಚಹಾ ಅಂಗಡಿಯ ವಾದದಲ್ಲಿ ಇದು ಯಾವಾಗಲೂ ಅರ್ಧಕ್ಕೇ ನಿಂತುಬಿಡುತ್ತದೆ. ಬೈಕು ನೆಟ್ಟಗೆ ಹೋಗುವಾಗ ರಸ್ತೆಯ ಉಬ್ಬುತಗ್ಗುಗಳ ಪೆಟ್ಟು ಕೆಳಗಿನಿಂದ ನೇರವಾಗಿ ಮೇಲಕ್ಕೆ ಬರುತ್ತದೆ, ಪೆಟ್ಟು ತಡೆಯುವ ಸ್ಪ್ರಿಂಗಿನ ಏರ್ಪಾಡಾದ ಸಸ್ಪೆನ್ಶನ್ ಕೂಡ ಅದೇ ದಿಕ್ಕಿನಲ್ಲಿ ಕುಗ್ಗುತ್ತದೆ, ಪೆಟ್ಟು ಅಲ್ಲೇ ಕರಗುತ್ತದೆ. ಬೈಕು ತಿರುವಿನಲ್ಲಿ ಬಾಗಿದಾಗ ಉಬ್ಬಿನ ಪೆಟ್ಟು ಮೇಲಕ್ಕೇ ಬರುತ್ತದೆ, ಆದರೆ ಸಸ್ಪೆನ್ಶನ್ ಓರೆಯಾಗಿರುತ್ತದೆ. ಓಟದ ಸವಾರರು ಬಾಗುವ ಹಾಗೆ 60 ಡಿಗ್ರಿ ಬಾಗಿದರೆ, ಮೇಲ್ಮುಖವಾಗಿ ಬರುವ ಬಲದಲ್ಲಿ ಅರ್ಧದಷ್ಟು ಮಾತ್ರ ಸಸ್ಪೆನ್ಶನ್‌ನ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ. ಅದಕ್ಕಿಂತ ಹೆಚ್ಚಿನ ಬಲ ಬೈಕಿನ ಪಕ್ಕೆಗೆ ಅಡ್ಡಲಾಗಿ ಬೀಳುತ್ತದೆ. ಆ ಪೆಟ್ಟನ್ನು ನುಂಗುವುದು ಸ್ಪ್ರಿಂಗಿನಿಂದ ಆಗದ ಕೆಲಸ. ಟೈರು, ಚಾಸಿ ಅಂದರೆ ಬೈಕಿನ ಚೌಕಟ್ಟು, ಸ್ವಿಂಗ್‌ಆರ್ಮ್ ಇವೇ ಕೂದಲೆಳೆಯಷ್ಟು ಬಳುಕಿ ಅದನ್ನು ನುಂಗಬೇಕು. ಅವು ಬಳುಕದಿದ್ದರೆ ಟೈರು ನೆಲ ಬಿಟ್ಟು ಚಿಮ್ಮುತ್ತದೆ, ಸವಾರನಿಗೆ ಹಿಡಿತ ತಪ್ಪಿದ ಅನುಭವವಾಗುತ್ತದೆ.

ಒಂಟಿ ತೋಳಿನ ತೊಡಕು ಇರುವುದು ಇಲ್ಲಿಯೇ. ಚಕ್ರದ ಪೂರ್ತಿ ಭಾರವನ್ನೂ ತಿರುಚುವ ಬಲವನ್ನೂ ಒಂದೇ ಬದಿ ಹೊರಬೇಕಾದ್ದರಿಂದ ಅದು ದಪ್ಪವಾಗಿಯೂ ಬಿರುಸಾಗಿಯೂ ಇರಲೇಬೇಕು. ಅದನ್ನು ಬಳುಕುವಂತೆ ಮಾಡಹೊರಟರೆ ತಿರುಚುವಿಕೆ ಅಂಕೆ ಮೀರುತ್ತದೆ. ಎರಡು ಬದಿಯ ತೋಳಿನಲ್ಲಿ ಎಡಬಲ ಎರಡೂ ಕಡೆಗೆ ಒಂದೇ ಹದದ ಬಳುಕನ್ನು ತರುವುದು ಸಾಧ್ಯ. ಹೊಸ ತೋಳಿನ ಅಡ್ಡ ಬಿಗುವು, ಅಂದರೆ ಪಕ್ಕಕ್ಕೆ ಬಳುಕದಂತೆ ತಡೆಯುವ ಗುಣ, ಹಳೆಯದಕ್ಕಿಂತ ಶೇಕಡಾ 37ರಷ್ಟು, ಮುಂಭಾಗದ ಫ್ರೇಮಿನ ಅಡ್ಡ ಬಿಗುವು ಶೇಕಡಾ 40ರಷ್ಟು ಕಡಿಮೆಯಾಗಿದೆ ಎಂದು ಡುಕಾಟಿ ಹೇಳುತ್ತದೆ. ಹಿಂಬದಿಯ ತೂಕವೂ ಇಳಿದಿದೆ. ಎಂಜಿನ್ನು ಅದೇ 1103 ಸಿಸಿಯ ನಾಲ್ಕು ಸಿಲಿಂಡರಿನದು, ಶಕ್ತಿ 216 ಅಶ್ವಶಕ್ತಿ. ಅಂದರೆ ಹಳೆಯ ಬೈಕಿಗೆ ಹೋಲಿಸಿದರೆ ಬಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇಲ್ಲ, ಆ ಬಲವನ್ನು ತಿರುವಿನಿಂದ ಹೊರಬರುವಾಗ ನೆಲಕ್ಕೆ ದಾಟಿಸುವ ಬಗೆ ಬದಲಾಗಿದೆ. ಆದ್ದರಿಂದ ತೋಳಿನ ವಿಚಾರದಲ್ಲಿ ನಾನು ಕಾಲೇಜು ಹುಡುಗನ ಪಕ್ಷ. ಕಣ್ಣಿಗೆ ನಷ್ಟವಾಗಿದೆ, ಸವಾರಿಗೆ ಲಾಭವಾಗಿದೆ. ಯಾವ ಕೆಲಸಕ್ಕಾಗಿ ಈ ಬೈಕು ಹುಟ್ಟಿದೆಯೋ ಆ ಕೆಲಸವನ್ನು ಅದು ಮೊದಲಿಗಿಂತ ಚೆನ್ನಾಗಿ ಮಾಡುತ್ತದೆ ಎಂದಾದರೆ ಬದಲಾವಣೆಯನ್ನು ಒಪ್ಪಬೇಕು.

ಆದರೆ ಆ ಕೆಲಸವನ್ನು ಮಾಡಬೇಕಾದ ಜಾಗ ಟ್ರ್ಯಾಕ್. ಈಗ ನೀವು ನೋಡುತ್ತಿರುವ ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಮರದ ನೆರಳು ಬಿದ್ದ ಕಡೆ ಮಳೆ ನಿಂತು ವಾರ ಕಳೆದರೂ ರಸ್ತೆಯ ಅಂಚಿನಲ್ಲಿ ಪಾಚಿ ಇರುತ್ತದೆ, ತಿರುವಿನ ಒಳಬದಿಯಲ್ಲಿ ತರಗೆಲೆಯ ಜೊತೆ ಜಲ್ಲಿ ಸೇರಿರುತ್ತದೆ, ಎದುರಿನಿಂದ ಬರುವ ಮಿನಿಬಸ್ಸಿಗೆ ತಿರುಗಲು ನಮ್ಮ ಬದಿಯೂ ಬೇಕಾಗುತ್ತದೆ. ಮೊದಲ ಗೇರಿನಲ್ಲೇ ಗಂಟೆಗೆ ನೂರು ಕಿಲೋಮೀಟರ್ ದಾಟಬಲ್ಲ ಬೈಕಿಗೆ ಇಲ್ಲಿ ತನ್ನ ಶಕ್ತಿಯ ಕಾಲು ಪಾಲನ್ನು ತೋರಿಸಲೂ ಜಾಗವಿಲ್ಲ, ತೋರಿಸಲೂಬಾರದು. ಗೆಳೆಯರು ಈ ತಿರುವುಗಳನ್ನು ಬಹಳ ತಾಳ್ಮೆಯಿಂದ ಇಳಿದರು. ಕೆಳಗೆ ನಿಲ್ಲಿಸಿದಾಗ ಅವರ ಮೊದಲ ಮಾತು ಮಣಿಕಟ್ಟು ನೋಯುತ್ತಿದೆ ಎಂಬುದಾಗಿತ್ತು, ಎರಡನೆಯದು ತೊಡೆಗೆ ತಾಗುವ ಎಂಜಿನ್ನಿನ ಬಿಸಿಯ ಬಗ್ಗೆ.

ಹಾಗಾಗಿ, ಹೆಚ್ಚು ಜನ ತಾತ್ಸಾರ ಮಾಡುತ್ತಿರುವ ಇನ್ನೊಂದು ಮರುವಿನ್ಯಾಸವೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಅದು ಇದೇ ಮನೆತನದ ಕಿರಿಯ ಬೈಕು, 2025ರ ಪನಿಗಾಲೆ ವಿ2. ಹಳೆಯ ವಿ2ರಲ್ಲಿ 955 ಸಿಸಿ ಎಂಜಿನ್ನು 155 ಅಶ್ವಶಕ್ತಿ ಕೊಡುತ್ತಿತ್ತು. ಹೊಸದರಲ್ಲಿ 890 ಸಿಸಿ, 120 ಅಶ್ವಶಕ್ತಿ. ದುಡ್ಡು ಕೊಟ್ಟು 35 ಅಶ್ವಶಕ್ತಿ ಕಳೆದುಕೊಳ್ಳುವುದು ಯಾವ ನ್ಯಾಯ ಎಂದು ನಮ್ಮ ಗುಂಪಿನಲ್ಲಿ ಕೇಳಿದವರೇ ಹೆಚ್ಚು. ಇಲ್ಲಿಯೂ ಒಂಟಿ ತೋಳು ಹೋಗಿದೆ. ಅದಕ್ಕಿಂತ ದೊಡ್ಡ ಸಂಗತಿಯೆಂದರೆ ಡೆಸ್ಮೊ ಕೂಡ ಹೋಗಿದೆ. ಎಂಜಿನ್ನಿನ ವಾಲ್ವುಗಳನ್ನು ಸ್ಪ್ರಿಂಗಿನ ಬದಲು, ಅವನ್ನು ತೆರೆಯುವ ಕ್ಯಾಮ್ ಎಂಬ ತಿರುಗುವ ಭಾಗದಿಂದಲೇ ಮುಚ್ಚಿಸುವ ಈ ಏರ್ಪಾಡನ್ನು ಎಂಜಿನಿಯರ್ ಫಾಬಿಯೊ ಟಾಲಿಯೋನಿ 1956ರಲ್ಲಿ ಡುಕಾಟಿಯ 125 ಸಿಸಿ ರೇಸ್ ಬೈಕಿಗೆ ಅಳವಡಿಸಿದ್ದರು. ಅಂದಿನಿಂದ ಅದು ಆ ಕಂಪನಿಯ ಗುರುತಾಗಿ ಬಂದಿದೆ. ಹೊಸ ವಿ2ರಲ್ಲಿ ಇರುವುದು ಉಳಿದ ಬೈಕುಗಳ ಹಾಗೆ ಸಾಮಾನ್ಯ ಸ್ಪ್ರಿಂಗುಗಳು, ಜೊತೆಗೆ ಗಾಳಿಯನ್ನು ಒಳಗೆ ಬಿಡುವ ಇನ್‌ಟೇಕ್ ವಾಲ್ವುಗಳು ತೆರೆಯುವ ಸಮಯವನ್ನು ಹೊಂದಿಸುವ ವ್ಯವಸ್ಥೆ.

ಕಳೆದುಕೊಂಡದ್ದನ್ನು ಎಣಿಸುವಾಗ ಪಡೆದುಕೊಂಡದ್ದನ್ನೂ ಎಣಿಸಬೇಕಲ್ಲವೇ? ಎಂಜಿನ್ನೊಂದರಲ್ಲೇ 9 ಕಿಲೋಗ್ರಾಂಗೂ ಹೆಚ್ಚು ತೂಕ ಇಳಿದಿದೆ. ವಿ2 ಎಸ್ ಮಾದರಿಯ ತೂಕ ಪೆಟ್ರೋಲ್ ಬಿಟ್ಟು 176 ಕಿಲೋಗ್ರಾಂ, ಅಂದರೆ ಹಿಂದಿನದಕ್ಕಿಂತ 17 ಕಿಲೋಗ್ರಾಂ ಕಡಿಮೆ. ಅರ್ಧ ಮೂಟೆ ಅಕ್ಕಿಯನ್ನು ಬೆನ್ನಿನಿಂದ ಇಳಿಸಿದ ಹಾಗೆ ಅದು ತಿರುವಿನಿಂದ ತಿರುವಿಗೆ ಗೊತ್ತಾಗುವ ವ್ಯತ್ಯಾಸ. ಟಾರ್ಕಿನ, ಅಂದರೆ ಚಕ್ರವನ್ನು ತಿರುಗಿಸುವ ಬಲದ, ಬಹುಪಾಲು ಎಂಜಿನ್ನು ನಿಮಿಷಕ್ಕೆ 3,000 ಸುತ್ತು (ಆರ್‌ಪಿಎಂ) ಸುತ್ತುವಾಗಲೇ ಸಿಗುತ್ತದೆ. ಹಳೆಯ ಎಂಜಿನ್ನು ಜೋರಾಗಿ ಸುತ್ತಿದ ಮೇಲಷ್ಟೇ ಹುರುಪಿಗೆ ಬರುತ್ತಿತ್ತು. ಹುಲಿಕಲ್ ಘಾಟಿಯಲ್ಲಿ ಎರಡನೇ ಗೇರಿನಲ್ಲಿ ನಿಧಾನವಾಗಿ ತಿರುವಿಗೆ ಇಳಿದು, ದಾರಿ ಕಂಡ ಮೇಲೆ ಮೆಲ್ಲಗೆ ಆಕ್ಸಿಲರೇಟರ್ ಕೊಡುವ ಸವಾರನಿಗೆ ಬೇಕಾದದ್ದು ಆ ಕೆಳಗಿನ ಬಲವೇ. 10,000 ಆರ್‌ಪಿಎಂ ಮೇಲಿನ 155 ಅಶ್ವಶಕ್ತಿ ಅವನ ಪಾಲಿಗೆ ಕಾಗದದ ಮೇಲಿನ ಸಂಖ್ಯೆ.

ನಮ್ಮ ಕಡೆಯ ರಸ್ತೆಗಳಲ್ಲಿ ಇಂಥ ವಾದ ಹಿಂದೆಯೂ ಆಗಿದೆ. 2008ರಲ್ಲಿ ಬಂದ ಯಮಹಾ ಆರ್15ಗೆ 2011ರಲ್ಲಿ ಎರಡನೇ ಆವೃತ್ತಿ ಬಂದಾಗ, ಅಲ್ಯೂಮಿನಿಯಂ ಸ್ವಿಂಗ್‌ಆರ್ಮ್ ಅನ್ನು ಹೊಗಳಿದವರೇ ಇಬ್ಭಾಗವಾದ ಸೀಟನ್ನು ಬೈದರು, ಏಕೆಂದರೆ ಹಿಂದೆ ಅಮ್ಮನನ್ನೋ ಹೆಂಡತಿಯನ್ನೋ ಕೂರಿಸಿಕೊಂಡು ಸಂತೆಗೆ ಹೋಗುವುದು ಕಷ್ಟವಾಗಿತ್ತು. ಆ ಆಕ್ಷೇಪ ನ್ಯಾಯವಾದದ್ದೇ; ಆ ಬೈಕು ಮನೆಯ ಕೆಲಸಕ್ಕೂ ಬೇಕಿತ್ತು. ಪನಿಗಾಲೆಯನ್ನು ಹಾಗೆ ಅಳೆಯಲು ಬರುವುದಿಲ್ಲ. ಆದರೂ ಯಾರು, ಎಲ್ಲಿ, ಹೇಗೆ ಓಡಿಸುತ್ತಾರೆ ಎಂಬ ಪ್ರಶ್ನೆಯನ್ನು ಬಿಟ್ಟು ಅಶ್ವಶಕ್ತಿಯೊಂದನ್ನೇ ಮುಂದಿಟ್ಟುಕೊಂಡು ಒಂದು ವಿನ್ಯಾಸವನ್ನು ತಿರಸ್ಕರಿಸುವುದು ಸರಿಯಲ್ಲ ಎಂಬುದೇ ನನ್ನ ವಾದ.

ಡೆಸ್ಮೊ ಹೋದದ್ದಕ್ಕೆ ಮರುಗುವವರಿಗೆ ಕೊನೆಯದಾಗಿ ಒಂದು ವಿಷಯ ಹೇಳಬೇಕು. ಸ್ಪ್ರಿಂಗಿನ ವಾಲ್ವುಗಳಿರುವ ಹೊಸ ಎಂಜಿನ್ನಿನಲ್ಲಿ ವಾಲ್ವಿನ ಅಂತರವನ್ನು ಪರೀಕ್ಷಿಸಬೇಕಾದದ್ದು 30,000 ಕಿಲೋಮೀಟರಿಗೊಮ್ಮೆ. ಹಳೆಯ ಡೆಸ್ಮೊ ಎಂಜಿನ್ನಿಗೆ ಆ ಕೆಲಸ ಇದಕ್ಕಿಂತ ಬೇಗ ಬರುತ್ತಿತ್ತು, ತೆರೆಯುವ ಮತ್ತು ಮುಚ್ಚುವ ಎರಡೂ ಬದಿಯ ಅಂತರವನ್ನು ಹೊಂದಿಸಬೇಕಾದ್ದರಿಂದ ಹೊತ್ತೂ ಹೆಚ್ಚು, ಖರ್ಚೂ ಹೆಚ್ಚು. ಇಂಥ ಕೆಲಸಕ್ಕೆ ಶಿವಮೊಗ್ಗದ ಸವಾರ ಬೈಕನ್ನು ಬೆಂಗಳೂರಿಗೇ ಒಯ್ಯಬೇಕು. ಹೋಗಿ ಬರಲು ಹೆಚ್ಚುಕಡಿಮೆ 600 ಕಿಲೋಮೀಟರ್, ಮೇಲೆ ಅಲ್ಲಿ ಬೈಕು ಬಿಟ್ಟು ಕಾಯುವ ದಿನಗಳು ಬೇರೆ. ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ದಾರಿ ಇನ್ನೂ ಉದ್ದ. ಬೈಕನ್ನು ಗೋಡೆಗೆ ಒರಗಿಸಿಡದೆ ಜೋಗಕ್ಕೂ ಕೊಡಚಾದ್ರಿಯ ತಪ್ಪಲಿಗೂ ಓಡಿಸಬೇಕೆಂದು ಕೊಳ್ಳುವವರು ಈ ಲೆಕ್ಕವನ್ನು ಮೊದಲು ಹಾಕಲಿ, ಸ್ವಿಂಗ್‌ಆರ್ಮಿನ ಮಾತು ಆಮೇಲೆ ಬರಲಿ.