ಹಗರೆವರೆಗೆ ನಾನು ಬಾಯಿ ಬಿಡಲಿಲ್ಲ

ಎಲ್ಲರಿಗೂ ನಮಸ್ಕಾರ. ಮೈಕ್ ಯಾಕೋ ಗೊರಗೊರ ಅಂತಿದೆ, ಹಿಂದೆ ಕೂತವರಿಗೆ ಕೇಳಿಸದಿದ್ದರೆ ಈಗಲೇ ಹೇಳಿಬಿಡಿ. ಹೇಳಲ್ಲ ಅಂತ ಗೊತ್ತು. ನಾನೂ ನಿಮ್ಮ ಹಾಗೇ.

ಹೋದ ವರ್ಷ ಆಲೂಗಡ್ಡೆ ಬಿತ್ತನೆಯ ಹೊತ್ತು. ಬೇಲೂರಿನಿಂದ ಹಾಸನಕ್ಕೆ ಬಸ್ಸಲ್ಲಿ ಬರ್ತಾ ಇದ್ದೆ. ಮುಂದೆ ‘ಮಹಿಳೆಯರಿಗೆ’ ಎಂದು ಬರೆದಿದ್ದ ಸೀಟಿನಲ್ಲಿ ಒಬ್ಬ ಅಜ್ಜಿ, ಕಾಲ ಹತ್ತಿರ ಚೀಲ. ಇಸ್ತ್ರಿ ಶರ್ಟಿನ ಒಬ್ಬರು ಬಂದು, "ಫ್ರೀ ಟಿಕೆಟ್‌ನವರಿಗೆ ಸೀಟು ಬೇರೆ ಕೇಡು, ಏಳಮ್ಮ, ದುಡ್ಡು ಕೊಟ್ಟಿರೋರು ನಾವು" ಅಂದರು. ಅಜ್ಜಿ ಎದ್ದು ಕಂಬಿ ಹಿಡಿದು ನಿಂತಿತು. ನಾನು ಪಕ್ಕದ ಸಾಲಿನಲ್ಲೇ ಇದ್ದೆ. ಮೊಬೈಲ್ ತೆಗೆದು, ನಿನ್ನೆಯೇ ಓದಿದ್ದ ಮೆಸೇಜನ್ನು ಇನ್ನೊಮ್ಮೆ ಓದಿದೆ.

ಉತ್ತರ ಗೊತ್ತಿಲ್ಲ ಅಂತೇನಲ್ಲ. ಹೆಂಗಸರು ಸರ್ಕಾರಿ ಬಸ್ಸಲ್ಲಿ ದುಡ್ಡಿಲ್ಲದೆ ಓಡಾಡೋ ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ. ಕಂಡಕ್ಟರ್ ಕೊಡುವ ಆ ಶೂನ್ಯ ಟಿಕೆಟ್ಟಿನ ಲೆಕ್ಕ ಹಿಡಿದು ಸರ್ಕಾರ ಸಾರಿಗೆ ನಿಗಮಕ್ಕೆ ದುಡ್ಡು ತುಂಬಿಕೊಡುತ್ತೆ, ಆ ದುಡ್ಡಲ್ಲಿ ಅಜ್ಜಿ ಕೊಂಡ ಸೋಪು, ಬೆಂಕಿಪೊಟ್ಟಣದ ತೆರಿಗೆಯೂ ಸೇರಿರುತ್ತೆ. ಇಷ್ಟೆಲ್ಲ ತಲೆಯಲ್ಲಿ ಓಡ್ತಿತ್ತು, ಬಾಯಿಗೆ ಮಾತ್ರ ಬರಲಿಲ್ಲ. ಊರ ಉಸಾಬರಿ ನಮಗ್ಯಾಕೆ ಅಂತ ಮನೆಯಲ್ಲಿ ಹೇಳಿ ಹೇಳಿ ಬೆಳೆಸಿದ್ದಾರಲ್ವಾ?

ದಾರಿಯಲ್ಲಿ ಹಗರೆ ಊರು ಬಂದಾಗ ಅಂತೂ ಅಂದೆ, "ಸಾರ್, ಅದು ಹೆಂಗಸರ ಸೀಟು, ಅವರು ಕೂತ್ಕೊಳ್ಳಲಿ." ದನಿ ನಡುಗ್ತಿತ್ತು. "ನಿಮಗ್ಯಾಕ್ರೀ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ, ನಿಜ ಹೇಳ್ತೀನಿ. ಆ ಮನುಷ್ಯ ಏಳಲೂ ಇಲ್ಲ. ಆದರೆ ಹಿಂದಿನಿಂದ ಕಾಲೇಜು ಹುಡುಗಿಯೊಬ್ಬಳು "ಅಜ್ಜಿ, ಇಲ್ಲಿ ಬನ್ನಿ" ಅಂತ ಎದ್ದು ನಿಂತಳು, ಕಂಡಕ್ಟರೂ ಆಗ ಬಾಯಿಬಿಟ್ಟು "ಬೋರ್ಡ್ ಓದಿ ಸ್ವಾಮಿ" ಅಂದರು. ಅವರೆಲ್ಲ ಯಾರಾದರೂ ಶುರು ಮಾಡಲಿ ಅಂತ ಕಾಯ್ತಿದ್ದರು ಅನಿಸುತ್ತೆ. ನಾನೂ ಅದಕ್ಕೇ ಕಾಯ್ತಿದ್ದೆ.

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಇದನ್ನು ನಾವು ‘ಬಾಯಿ ಮುಚ್ಚಿದವನಿಗೆ ಜಗಳವಿಲ್ಲ’ ಅಂತ ಓದಿಕೊಂಡುಬಿಟ್ಟಿದ್ದೀವಿ. ಅಂಗಡಿಯಲ್ಲಿ ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಎರಡು ರೂಪಾಯಿ ಜಾಸ್ತಿ ಕೇಳಿದರೆ ಭಾಷಣ ಬೇಡ, ಬಾಟಲಿ ತಿರುಗಿಸಿ "ಇಲ್ಲಿ ಎಷ್ಟು ಅಂತ ಬರೆದಿದೆ ಅಣ್ಣ?" ಅಂದರೆ ಸಾಕು. ಒಪ್ಪದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ. ರಾತ್ರಿ ಬಸ್ಸಲ್ಲಿ ಕುಡಿದವನು ಯಾರನ್ನೋ ಕಾಡ್ತಿದ್ದರೆ ಮಾತ್ರ ಒಬ್ಬರೇ ಮೇಲೆ ಬೀಳಬೇಡಿ, ಕಂಡಕ್ಟರ್‌ಗೆ ಹೇಳಿ, 112ಕ್ಕೆ ಫೋನ್ ಮಾಡಿ. ಅದೂ ಮಾತಾಡಿದ ಹಾಗೇ.

ಹಾಸನದ ಬಸ್ ಸ್ಟ್ಯಾಂಡಲ್ಲಿ ಇಳಿದು ಅಜ್ಜಿಯ ಚೀಲ ಕೈಗೆ ಕೊಟ್ಟೆ. ಒಳ್ಳೆಯ ಮಾತು ಏನಾದರೂ ಬರುತ್ತೆ ಅಂತ ನಿಂತಿದ್ದೆ ಅಂತಲೇ ಇಟ್ಕೊಳ್ಳಿ. ಅಜ್ಜಿ ಸೆರಗು ಸರಿಮಾಡಿಕೊಳ್ತಾ, "ಬೇಲೂರಲ್ಲೇ ಹೇಳಿದ್ರೆ ಆಗ್ತಿರಲಿಲ್ವಾ ಮಗ, ಮಂಡಿ ಹಿಡ್ಕೊಂಬಿಟ್ಟಿತು" ಅಂದು ಹೊರಟಿತು.