ಹಳಿ ಮುಗಿಯುವಲ್ಲಿ ಒಂದು ಸರೋವರ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ನಿಮ್ಮನ್ನು ಕಿಸುಮುಗೆ ಕರೆದುಕೊಂಡು ಹೋಗುತ್ತೇನೆ. ಕೀನ್ಯಾ ದೇಶದ ಪಶ್ಚಿಮ ತುದಿಯ ಊರು. ಭೂಮಧ್ಯರೇಖೆ ಅಲ್ಲಿಂದ ಕೂಗಳತೆ ದೂರ. ಕಡಲು ನೂರಾರು ಮೈಲಿ ಆಚೆ, ಆದರೂ ಇದು ಬಂದರು. ಯಾಕೆಂದರೆ ಎದುರಿಗಿರುವುದು ವಿಕ್ಟೋರಿಯಾ ಸರೋವರ. ನಮ್ಮ ಕರ್ನಾಟಕದ ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ನೀರು!

ಈ ಊರನ್ನು ಬೆಳೆಸಿದ್ದು ರೈಲು. ಕಡಲ ದಡದ ಮೊಂಬಾಸಾದಿಂದ ಹೊರಟ ಹಳಿ 1901ರ ಡಿಸೆಂಬರ್‌ನಲ್ಲಿ ಇಲ್ಲಿಗೆ ಬಂದು ನೀರು ಮುಟ್ಟಿತು. ಎಂಜಿನಿಯರ್ ಪ್ರೆಸ್ಟನ್ ಅವರ ಹೆಂಡತಿಯ ಹೆಸರಿನಲ್ಲಿ ಊರಿಗೆ ಪೋರ್ಟ್ ಫ್ಲಾರೆನ್ಸ್ ಅಂತ ಹೆಸರಿಟ್ಟರು. ಆದರೆ ಆ ದಾರಿ ಕಟ್ಟಲು ನಮ್ಮ ದೇಶದಿಂದ ಹೋದ ಕೂಲಿಯವರು ಸುಮಾರು 32,000 ಮಂದಿ, ಹೆಚ್ಚಿನವರು ಪಂಜಾಬಿನವರು. ಸುಮಾರು 2,500 ಜನ ಅಲ್ಲೇ ಪ್ರಾಣ ಬಿಟ್ಟರು. ಕಿಸುಮು ಅಂದಾಗ ನನಗೆ ಮೊದಲು ನೆನಪಾಗುವುದು ಅವರೇ. ಇವತ್ತಿಗೂ ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ಅಂಗಡಿಗೆ ದುಕಾ, ಗಾಡಿಗೆ ಗಾರಿ, ಚಪಾತಿಗೆ ಚಪಾತಿಯೇ.

ಬಂದರಿನಲ್ಲಿ ಉಹುರು ಅನ್ನುವ ಹಡಗನ್ನು ನೋಡಲೇಬೇಕು. ಅದರ ಮೇಲೆಯೇ ರೈಲು ಹಳಿ ಇದೆ! ಗೂಡ್ಸ್ ಬೋಗಿಗಳನ್ನು ಸಾಮಾನು ಇಳಿಸದೆ ಹಾಗೇ ಒಳಗೆ ತಳ್ಳುತ್ತಾರೆ. ಹಡಗು ಅವನ್ನು ಹೊತ್ತುಕೊಂಡು ಉಗಾಂಡಾಕ್ಕೆ ಹೋಗುತ್ತದೆ. ಉಹುರು ಅಂದರೆ ಸ್ವಾತಂತ್ರ್ಯ.

ಒಂದು ಸಂಕಟವೂ ಇದೆ. ನೇರಳೆ ಹೂ ಬಿಡುವ ನೀರುಕಳೆ, ನಮ್ಮ ಬೆಳ್ಳಂದೂರು ಕೆರೆಯಲ್ಲಿ ಹಬ್ಬಿರುವುದೇ. ಗಾಳಿ ಬೀಸಿದ ಕಡೆ ಅದು ತೇಲುತ್ತದೆ. ರಾತ್ರಿ ತಿಳಿಯಾಗಿದ್ದ ದಡ ಬೆಳಿಗ್ಗೆ ಹಸಿರು ಹೊಲದ ಹಾಗೆ ಮುಚ್ಚಿಹೋಗಿರುತ್ತದೆ. ದೋಣಿ ಹೊರಡಲ್ಲ, ಬಲೆ ಇಳಿಯಲ್ಲ. ಮೀನು ನಂಬಿದ ಮನೆಯಲ್ಲಿ ಅವತ್ತು ಒಲೆ ಹೇಗೆ ಹೊತ್ತಬೇಕು ಹೇಳಿ.

ಡುಂಗಾ ದಡಕ್ಕೆ ಬೆಳಿಗ್ಗೆ ಬೇಗ ಹೋಗಿ. ನೀರಾನೆ ಕಂಡರೂ ಕಾಣಬಹುದು, ದೂರದಿಂದಲೇ ನೋಡಿ. ಮಧ್ಯಾಹ್ನ ಸರೋವರದ ಪಕ್ಕದಲ್ಲೇ ಊಟ. ಇಡೀ ತಿಲಾಪಿಯಾ ಮೀನು, ಜೊತೆಗೆ ಉಗಾಲಿ. ನೋಡಲು ನಮ್ಮ ಮುದ್ದೆಯೇ, ಮಾಡುವುದು ಮೆಕ್ಕೆಜೋಳದ ಹಿಟ್ಟಿನಲ್ಲಿ. ಒಂದು ತುತ್ತು ಮುರಿದು, ಉಂಡೆ ಮಾಡಿ, ಹೆಬ್ಬೆಟ್ಟಿನಲ್ಲಿ ಒತ್ತಿ ಗುಳಿ ಮಾಡಬೇಕು. ಆ ಗುಳಿಯಲ್ಲಿ ಸೊಪ್ಪು, ಸಾರು ಎತ್ತಿಕೊಳ್ಳಬೇಕು. ಮುದ್ದೆ ಹಾಗೆ ನುಂಗೋದಲ್ಲ, ಅಗಿದು ತಿನ್ನಬೇಕು.

ಹಾಗೇ ವಿಂಬಿ ಅಂತ ಕೇಳಿ ನೋಡಿ, ಗಂಜಿ ಕೊಡುತ್ತಾರೆ. ಬಣ್ಣ ನೋಡಿದರೇ ಗೊತ್ತಾಗುತ್ತದೆ, ರಾಗಿ! ಅದು ಮೊದಲು ಬೆಳೆದದ್ದು ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲೇ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ಹೊರಟು ನಮ್ಮ ಹೊಲಕ್ಕೆ ಬಂತು.

ನಮಸ್ಕಾರ.